ತಲೆಯ ಹಿಂದಿನ ಎರಡು ಗೆರೆ

ನಾನು ಮಾಡ್ತಿದ್ದ ಕೆಲಸ ಏನು ಅಂತ ಮೊದಲೇ ಹೇಳ್ಬಿಡ್ತೀನಿ. ಯಾಕಂದ್ರೆ ಕೇಳಿದವರೆಲ್ಲ "ಜನರ ತಲೆಗೆ ಕರೆಂಟ್ ಕೊಡ್ತೀಯಂತೆ?" ಅಂತಲೇ ಶುರು ಮಾಡ್ತಿದ್ರು. ಕೊಡ್ತಿರಲಿಲ್ಲ. ತಲೆಯಿಂದ ಬರೋದನ್ನ ತಗೋತಿದ್ದೆ. ಮುಂಬೈನಲ್ಲಿ, ಅಂಧೇರಿಯ ಒಂದು ನರ್ಸಿಂಗ್ ಹೋಮಲ್ಲಿ ಇ.ಇ.ಜಿ. ಟೆಕ್ನಿಷಿಯನ್ ಆಗಿದ್ದೆ. ಫಿಟ್ಸ್ ಬರೋರು, ತಿಂಗಳುಗಟ್ಟಲೆ ತಲೆನೋವಿರೋರು, ಲೋಕಲ್ ಟ್ರೇನಿಂದ ಬಿದ್ದು ತಲೆಗೆ ಏಟು ಮಾಡ್ಕೊಂಡೋರು ಬರ್ತಿದ್ರು. ಅವರ ಹಣೆ ಹತ್ರ, ನೆತ್ತಿ ಮೇಲೆ, ಕಿವಿ ಪಕ್ಕ, ತಲೆಯ ಹಿಂದೆ ಸಣ್ಣ ಸಣ್ಣ ಬೆಳ್ಳಿ ಬಿಲ್ಲೆಗಳನ್ನ ಉಪ್ಪಿನಂಶದ ಒಂದು ಪೇಸ್ಟ್ ಹಚ್ಚಿ ಅಂಟಿಸೋದು. ಮಿದುಳಲ್ಲಿ ಹುಟ್ಟೋ ಅತಿ ಸಣ್ಣ ವಿದ್ಯುತ್ತು ಆ ಬಿಲ್ಲೆಯಿಂದ ವೈರ್ ಹಿಡಿದು ಮಷಿನ್‌ಗೆ ಬರುತ್ತೆ. ಎಂಟು ಪೆನ್ನು ಅಲ್ಲಾಡುತ್ತೆ, ಓಡೋ ಪೇಪರ್ ಮೇಲೆ ಎಂಟು ಗೆರೆ ಬೀಳುತ್ತೆ. ಡಾಕ್ಟ್ರು ಅದನ್ನ ನೋಡಿ ರಿಪೋರ್ಟ್ ಬರೀತಾರೆ. ಬಿ.ಎಸ್ಸಿ. ಫಿಸಿಕ್ಸ್ ಮುಗಿಸಿದವಳಿಗೆ ಅದು ಸಿಕ್ಕಿದ್ದೇ ದೊಡ್ಡದು ಅಂತ ಮನೇಲಿ ಎಲ್ಲರಿಗೂ ಅನ್ನಿಸಿತ್ತು. ನನಗೂ ಅನ್ನಿಸಿತ್ತು, ಒಂದು ಮೂರು ತಿಂಗಳು.

ಆಮೇಲೆ ಕೂತಲ್ಲಿ ಕೂರಕ್ಕಾಗದ ಹಾಗೆ ಆಯ್ತು.

ಡಾಕ್ಟ್ರು ಪೇಪರಲ್ಲಿ ಒಂದೊಂದೇ ಗೆರೆ ನೋಡ್ತಿದ್ರು. ಇಲ್ಲಿ ಚೂಪಾಗಿದೆ, ಇಲ್ಲಿ ನಿಧಾನ ಆಗಿದೆ, ಹೀಗೆ. ನನ್ನ ಕಣ್ಣು ಮಾತ್ರ ಎರಡೆರಡು ಗೆರೆ ಮೇಲೆ ಹೋಗ್ತಿತ್ತು. ಮುಂದಿನದು ಏರಿದಾಗ ಹಿಂದಿನದೂ ಏರ್ತಾ? ಎಡಗಡೆಯದು ಇಳಿದಾಗ ಬಲಗಡೆಯದು ಇಳೀತಾ? ದೊಡ್ಡ ಲೈಬ್ರರಿಯೊಂದರಿಂದ ಗೆಳತಿ ಝೆರಾಕ್ಸ್ ಮಾಡಿಸಿ ತಂದುಕೊಟ್ಟ ಒಂದು ಲೇಖನದಲ್ಲಿ ಇದೇ ಇತ್ತು. ಮಿದುಳಿನ ಎರಡು ಜಾಗ ಒಟ್ಟೊಟ್ಟಿಗೆ ಏರಿಳಿದರೆ ಅವೆರಡೂ ಸೇರಿ ಕೆಲಸ ಮಾಡ್ತಿರಬಹುದು, ಅಲ್ಲಿ ನರ ಕಾಣದಿದ್ರೂ ಸಂಬಂಧ ಇದೆ ಅಂತ. ಘಾಟ್ಕೋಪರ್‌ನಿಂದ ಅಂಧೇರಿಗೆ ಬಸ್ಸಲ್ಲಿ ನಿಂತ್ಕೊಂಡು, ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಝೆರಾಕ್ಸ್, ಮೂರು ವಾರ ಅದನ್ನೇ ಓದಿದೆ. ಅರ್ಧ ಅರ್ಥ ಆಯ್ತು. ಉಳಿದರ್ಧ ಅರ್ಥ ಆಗದೆ ಇದ್ದಿದ್ದೇ ನನ್ನನ್ನ ಓಡಿಸಿದ್ದು.

ಹೇಳಿಕೊಡೋರು ಯಾರೂ ಇರಲಿಲ್ಲ. ಬಿ.ಕಾಂ. ಓದ್ತಿದ್ದ ತಮ್ಮನ ಸ್ಟ್ಯಾಟಿಸ್ಟಿಕ್ಸ್ ಪುಸ್ತಕ ಕಿತ್ಕೊಂಡೆ. ಅದ್ರಲ್ಲಿ ಮಳೆಗೂ ಛತ್ರಿ ವ್ಯಾಪಾರಕ್ಕೂ ಎಷ್ಟು ಸಂಬಂಧ ಅಂತ ಒಂದು ಲೆಕ್ಕ ಇತ್ತು. ಎರಡು ಪೂರ್ತಿ ಜೊತೆಜೊತೆಗೇ ಹೋದ್ರೆ ಉತ್ತರ ಒಂದು. ಏನೂ ಸಂಬಂಧ ಇಲ್ದಿದ್ರೆ ಸೊನ್ನೆ. ಮಳೆ ಜಾಗದಲ್ಲಿ ಹಣೆ, ಛತ್ರಿ ಜಾಗದಲ್ಲಿ ನೆತ್ತಿ ಇಟ್ಟೆ. ಎಸೆಯೋಕೆ ಇಟ್ಟಿದ್ದ ಹಳೇ ಪೇಪರ್ ತುಂಡುಗಳನ್ನ ಮೇಜಿನ ಮೇಲೆ ಹರಡಿ, ಸ್ಕೇಲ್ ಇಟ್ಟು, ಒಂದೊಂದು ಮಿಲಿಮೀಟರಿಗೂ ಗೆರೆ ಎಷ್ಟು ಎತ್ತರ ಇದೆ ಅಂತ ಅಳೆದು ಬರೆಯೋಕೆ ಕೂತೆ. ಒಂದು ಜೊತೆ ಗೆರೆಗೆ ಒಂದು ವಾರ.

ಅಲ್ಲಿ ನನಗಿಂತ ಹಳೇ ಟೆಕ್ನಿಷಿಯನ್ ಒಬ್ಬರಿದ್ರು. ಧಾರವಾಡ ಕಡೆಯವರು, ಮುಂಬೈಗೆ ಬಂದು ಇಪ್ಪತ್ತು ವರ್ಷದ ಮೇಲಾಗಿತ್ತು, ಮಾತು ಮಾತ್ರ ಅಲ್ಲಿಂದ ಒಂದು ಹೆಜ್ಜೆ ಈಚೆ ಬಂದಿರಲಿಲ್ಲ. ಕಾಕಾ ಅಂತಿದ್ದೆ. ಸ್ಕೇಲ್ ಹಿಡಿದು ಕೂತಿದ್ದ ನನ್ನನ್ನ ನೋಡಿ ಬಾಗಿಲಲ್ಲೇ ನಿಂತರು.

"ಏನವಾ, ಜಂಪರ್ ಹೊಲಿಯಾಕತ್ತೀಯೇನ?"

"ಇಲ್ಲ ಕಾಕಾ, ಈ ಎರಡು ಗೆರೆಗೆ ಎಷ್ಟು ಸಂಬಂಧ ಅಂತ ಅಳೀತಿದೀನಿ."

"ಸಂಬಂಧ ಅಳಿಯಾಕ ಸ್ಕೇಲ್ ಬೇಕೇನ? ಮೊದ್ಲ ದೂರ ಹಿಡದ ನೋಡು. ಕಣ್ಣಿಗೆ ಕಾಣಲಾರದ್ದು ನಿನ್ನ ಲೆಕ್ಕಕ್ಕ ಹೆಂಗ ಕಾಣ್ತೈತಿ?"

ಹಳಬರ ಮಾತು ಅಂತ ತಲೆ ಆಡಿಸಿ ಮತ್ತೆ ಸ್ಕೇಲ್ ಹಿಡಿದೆ.

ಮುಂದಿನ ವರ್ಷ ಡಾಕ್ಟ್ರ ಸ್ನೇಹಿತರೊಬ್ಬ ಎಂಜಿನಿಯರ್ ಒಂದು ಕಂಪ್ಯೂಟರ್ ತಂದಿಟ್ರು. ಮಷಿನ್‌ನ ಬೆನ್ನಿಂದ ಎಂಟು ವೈರ್ ಎಳೆದು, ಕಂಪ್ಯೂಟರಿನೊಳಗೆ ಒಂದು ಕಾರ್ಡ್ ಕೂರಿಸಿ, ಗೆರೆಗಳು ನೇರವಾಗಿ ಅಂಕಿಗಳಾಗಿ ಫ್ಲಾಪಿಗೆ ಹೋಗೋ ಹಾಗೆ ಮಾಡಿಕೊಟ್ರು. ಡಾಕ್ಟ್ರಿಗೆ ಅದರಿಂದ ಏನು ಮಾಡಬೇಕು ಅಂತ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು! ಅಂದ್ರೆ, ಗೊತ್ತಿದೆ ಅಂದ್ಕೊಂಡಿದ್ದೆ. ಬೆಳಿಗ್ಗೆ ಏಳಕ್ಕೆ ಕಂಪ್ಯೂಟರ್ ಕ್ಲಾಸಿಗೆ ಸೇರಿದೆ. ಕ್ಲಾಸಲ್ಲಿ ಸಂಬಳದ ಪಟ್ಟಿ ಮಾಡೋದು ಹೇಳಿಕೊಡ್ತಿದ್ರು, ನಾನು ಹಿಂದಿನ ಬೆಂಚಲ್ಲಿ ಮಿದುಳಿನ ಪ್ರೋಗ್ರಾಂ ಬರೀತಿದ್ದೆ. ಮೇಷ್ಟ್ರು ಒಂದಿನ ಬಗ್ಗಿ ನೋಡಿ, "ಯೇ ಕ್ಯಾ ಹೈ, ಎಂಟು ಜನ ಎಂಪ್ಲಾಯೀನಾ?" ಅಂದ್ರು. ಹೂಂ ಅಂದೆ.

ಮೊದಲ ಸಲ ಪ್ರೋಗ್ರಾಂ ಓಡಿದಾಗ ಎಲ್ಲಾ ಜೋಡಿಗೂ ಉತ್ತರ ಒಂದು ಅಂತ ಬಂತು. ಕುಣಿದುಬಿಟ್ಟೆ. ಇಡೀ ಮಿದುಳು ಒಂದೇ ತಾಳಕ್ಕೆ ಕುಣೀತಿದೆ ಅಂತ. ಎರಡು ದಿನ ಬಿಟ್ಟು ಗೊತ್ತಾಯ್ತು, ಒಂದೇ ಗೆರೆಯನ್ನ ಎಂಟು ಸಲ ಓದಿ ಅದನ್ನ ಅದಕ್ಕೇ ಹೋಲಿಸ್ತಾ ಇದ್ದೆ. ಅದನ್ನ ಸರಿ ಮಾಡಿದ ಮೇಲೆ ಇನ್ನೊಂದು. ಕೋಣೆಯ ಟ್ಯೂಬ್‌ಲೈಟ್ ಹಾಕಿದ್ರೆ ಎಂಟೂ ಗೆರೆ ಸಂಬಂಧಿಕರು, ಆರಿಸಿದ್ರೆ ಅಲ್ಲ. ಅದು ಮನೆ ಕರೆಂಟಿನ ಗುಂಯ್ ಅನ್ನೋ ಕಂಪನ, ಎಲ್ಲಾ ವೈರಲ್ಲೂ ಒಂದೇ ಸಮ ನುಗ್ಗಿ ಎಲ್ಲರನ್ನೂ ಜೋಡಿಸ್ತಿತ್ತು. ಲೈಟ್ ಆರಿಸಿ, ಫ್ಯಾನ್ ನಿಲ್ಲಿಸಿ, ಬೆವರು ಸುರಿಸ್ತಾ ಮಾಡೋದು ಕಲಿತೆ. ಇಷ್ಟು ಕಲಿತಿದ್ದಕ್ಕೇ, ಮೋಸ ಎಲ್ಲೆಲ್ಲಿ ಆಗುತ್ತೆ ಅಂತ ಎಲ್ಲಾ ಗೊತ್ತಾಯ್ತು ಅನ್ನೋ ಧೈರ್ಯ ಬಂದ್ಬಿಡ್ತು.

ರೋಗಿಗಳ ಮೇಲೆ ಮಾಡೋ ಹಾಗಿರಲಿಲ್ಲ. ಆರೋಗ್ಯವಾಗಿರೋ ತಲೆಗಳು ಬೇಕಿತ್ತು. ಡಾಕ್ಟ್ರನ್ನ ಕೇಳಿದೆ. ಗುಜರಾತಿಯವರು, ಒಳ್ಳೇ ಮನಸ್ಸು, ಗಡಿಬಿಡಿ ಜಾಸ್ತಿ. "ಭಾನುವಾರ ಮಷಿನ್ ತಗೋ ಬೇಟಾ, ಆದ್ರೆ ಪೇಪರ್ ಮುಟ್ಬೇಡ, ಆ ರೋಲ್ ಸಿಗೋದೇ ಕಷ್ಟ" ಅಂದ್ರು. ಸರಿ, ಪೇಪರ್ ಯಾಕೆ ಬೇಕು, ಪೆನ್ನುಗಳನ್ನ ಎತ್ತಿಟ್ಟು ಅಂಕಿ ಮಾತ್ರ ಫ್ಲಾಪಿಗೆ ತಗೊಂಡ್ರಾಯ್ತು. ಕಾಕಾಗೆ ಹೇಳಿದಾಗ ಅವರಿಗೆ ಇಷ್ಟ ಆಗ್ಲಿಲ್ಲ.

"ಪೇಪರ್ ಓಡಿಸಲಾರದ ಇ.ಇ.ಜಿ.? ಹುಡುಗನ ನೋಡಲಾರದ ಲಗ್ನ ಮಾಡಿದಂಗ."

"ಅಂಕಿ ಇರುತ್ತಲ್ಲ ಕಾಕಾ."

"ಇರ್ಲಿ ಬಿಡವಾ. ಜಾತಕ ಚಲೋ ಇದ್ರ ಸಾಕಲಾ ನಿಮಗ."

ಗಂಡಸರು ಸುಲಭವಾಗಿ ಸಿಕ್ಕರು. ಅಪ್ಪ, ತಮ್ಮ, ಕಾಕಾ, ನರ್ಸಿಂಗ್ ಹೋಮಿನ ವಾಚ್‌ಮನ್ನು, ಕಂಪೌಂಡರ್. ಹೆಂಗಸರಿಗೆ ನಮ್ಮ ಬಿಲ್ಡಿಂಗನ್ನೇ ಹಿಡಿದೆ. ಘಾಟ್ಕೋಪರ್‌ನ ನಮ್ಮ ಸೊಸೈಟಿಯಲ್ಲಿ ಕನ್ನಡದವರು ನಾಲ್ಕೈದು ಮನೆ. ಅಮ್ಮ ಒಬ್ಬರು, ಉಳಿದ ನಾಲ್ವರನ್ನ ಅಮ್ಮನೇ ಒಪ್ಪಿಸಿದ್ರು. ಕೆಳಗಿನ ಮನೆ ಆಂಟಿ ಬೆಂಗಳೂರಿನವರು, ಎಲ್ಲರಿಗಿಂತ ಜೋರು. ಅವರ ಕೂದಲು ಸೊಂಟ ದಾಟ್ತಿತ್ತು.

"ಮನಸ್ಸಲ್ಲಿ ಅಂದ್ಕೊಂಡಿದ್ದೆಲ್ಲ ಗೊತ್ತಾಗ್ಬಿಡುತ್ತಾ ಅದ್ರಲ್ಲಿ?" ಅಂತ ಕೇಳಿದ್ರು.

"ಇಲ್ಲ ಆಂಟಿ."

"ಹಾಗಾದ್ರೆ ಬರ್ತೀನಿ. ನಮ್ಮೆಜಮಾನ್ರನ್ನ ಮಾತ್ರ ಕರೀಬೇಡ, ಅವರ ತಲೇಲಿ ಏನೂ ಸಿಗಲ್ಲ, ನಿನ್ನ ಮಷಿನ್ ಕೆಟ್ಟಿದೆ ಅಂದ್ಕೋತೀಯ."

ಈಗ ಬರುತ್ತೆ ನನ್ನ ಬುದ್ಧಿವಂತಿಕೆ. ಕೂದಲಲ್ಲಿ ಎಣ್ಣೆ ಇದ್ರೆ ಬಿಲ್ಲೆ ಕಚ್ಕೊಳ್ಳಲ್ಲ. ಅದಕ್ಕೆ ರೋಗಿಗಳಿಗೆ ಕೊಡೋ ಚೀಟಿಯಲ್ಲಿ 'ಹಿಂದಿನ ದಿನ ತಲೆ ತೊಳೆದು, ಎಣ್ಣೆ ಹಚ್ಚದೆ ಬನ್ನಿ' ಅಂತ ಅಚ್ಚಾಗಿರ್ತಿತ್ತು. ನಮ್ಮ ಹೆಂಗಸರು ನನಗೆ ಗೊತ್ತಿಲ್ವಾ? ಹಿಂದಿನ ದಿನ ತಲೆಗೆ ನೀರು ಹಾಕ್ಕೊಂಡ್ರೆ, ಕೂದಲು ಒಣಗಿ ಸಾಯಂಕಾಲ ಬಾಚೋ ಹೊತ್ತಿಗೆ ಕೈ ತಾನಾಗೇ ಕೊಬ್ಬರಿ ಎಣ್ಣೆ ಬಾಟ್ಲಿಗೆ ಹೋಗುತ್ತೆ. ಅದಕ್ಕೆ ನಾನು ಚೀಟಿ ತಿದ್ದಿದೆ. "ಅದೇ ದಿನ ಬೆಳಿಗ್ಗೆ ತಲೆಗೆ ನೀರು ಹಾಕ್ಕೊಂಡು ನೇರ ಬಂದ್ಬಿಡಿ" ಅಂದೆ. ಜುಲೈ ತಿಂಗಳು. ಒಬ್ಬೊಬ್ಬರೂ ತಲೆ ಸ್ನಾನ ಮಾಡಿ, ಟವೆಲಲ್ಲಿ ಹಿಂಡಿ, ಗಂಟು ಹಾಕ್ಕೊಂಡು, ನನ್ನ ಜೊತೆ ಬಸ್ಸಲ್ಲಿ ಅಂಧೇರಿಗೆ ಬಂದ್ರು. ಎಣ್ಣೆ ಒಂದು ತೊಟ್ಟೂ ಇರಲಿಲ್ಲ. ಬಿಲ್ಲೆಗಳು ಚೆನ್ನಾಗಿ ಕೂತವು. ನನ್ನ ಮೇಲೆ ನನಗೇ ಅಭಿಮಾನ.

ಆಗಸ್ಟಲ್ಲಿ ಲೆಕ್ಕ ಹಾಕಿದೆ. ಗಂಡಸರದು ಹೇಗೆ ಬರಬೇಕೋ ಹಾಗೆ ಬಂತು, ಹೆಚ್ಚು ಕಡಿಮೆ. ಹೆಂಗಸರದು ನೋಡಿ ಕುರ್ಚಿಯಿಂದ ಎದ್ದೆ. ತಲೆಯ ಹಿಂದಿನ ಎಡ ಬಿಲ್ಲೆ, ಬಲ ಬಿಲ್ಲೆ. ಆ ಎರಡರ ಸಂಬಂಧ ಐದೂ ಜನ ಹೆಂಗಸರಲ್ಲಿ ಒಂದಕ್ಕೆ ಹತ್ತಿರ. ಹತ್ತಿರ ಏನು, ಒಂದೇ. ಗಂಡಸರಲ್ಲಿ ಒಬ್ಬರಲ್ಲೂ ಅಷ್ಟಿಲ್ಲ. ಹೆಂಗಸರ ಮಿದುಳಿನ ಎರಡು ಹೋಳು ಹಿಂದುಗಡೆ ಕೈ ಕೈ ಹಿಡ್ಕೊಂಡಿವೆ! ಪ್ರೋಗ್ರಾಂ ತಪ್ಪಿರಬಹುದು ಅಂತ ಮತ್ತೆ ಓದಿದೆ, ತಪ್ಪಿಲ್ಲ. ಟ್ಯೂಬ್‌ಲೈಟ್ ಆರಿಸಿತ್ತು. ಇನ್ನೇನು ಬೇಕು?

ಡಾಕ್ಟ್ರಿಗೆ ತೋರಿಸಿದೆ. "ಕ್ಯಾ ಬಾತ್ ಹೈ!" ಅಂದವರು ಅಲ್ಲೇ ಫೋನ್ ಎತ್ತಿದ್ರು. ಸೌತ್ ಬಾಂಬೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಅವರಿಗೆ ಪರಿಚಯದ ಮೇಡಂ ಒಬ್ಬರು ಇದೇ ಕೆಲಸ ಮಾಡ್ತಿದ್ರು. ಎರಡು ವಾರ ಬಿಟ್ಟು ಶನಿವಾರ ಬಂದು ನೋಡ್ತೀನಿ ಅಂದ್ರಂತೆ. ಅವರ ಲ್ಯಾಬಲ್ಲಿ ಒಬ್ಬ ಅಸಿಸ್ಟೆಂಟ್ ಜಾಗ ಖಾಲಿ ಇತ್ತು. ಎಂ.ಎಸ್ಸಿ. ಇಲ್ದೆ ತಗೊಳ್ಳಲ್ಲ, ಆದ್ರೆ ಕೆಲಸ ನೋಡಿ ಮನಸ್ಸಾದ್ರೆ ತಗೊಂಡ್ರೂ ತಗೋಬಹುದು ಅಂದ್ರು ಡಾಕ್ಟ್ರು. ಆ ಮಾತು ಕೇಳಿದ ಮೇಲೆ ನನಗೆ ಊಟ ರುಚಿಸಲಿಲ್ಲ.

ಅದೇ ವಾರ ಬ್ಯಾಂಕಿನ ಕಾಗದ ಬಂತು. ಯಾವಾಗಲೋ ಬರೆದಿದ್ದ ಪರೀಕ್ಷೆ. ಕಾಂದಿವಲಿ ಬ್ರಾಂಚಿಗೆ ಬಂದು ಸೇರಿ ಅಂತ. ಸೇರಬೇಕಾದ ದಿನ, ಆ ಶನಿವಾರ ಕಳೆದ ಸೋಮವಾರ.

ಅಪ್ಪ ಒಂದು ಸರ್ಕಾರಿ ಆಫೀಸಲ್ಲಿ ಹೆಡ್ ಕ್ಲರ್ಕು. ಕಾಗದನ ಎರಡು ಸಲ ಓದಿ, ಮಡಿಸಿ, ಮತ್ತೆ ಬಿಚ್ಚಿ ಓದಿದ್ರು.

"ಬ್ಯಾಂಕು ಕಣಮ್ಮ. ಇದಕ್ಕೆ ಜನ ತಪಸ್ಸು ಮಾಡ್ತಾರೆ."

"ಆ ಶನಿವಾರ ಒಂದು ಮುಗೀಲಿ ಅಪ್ಪ."

"ಶನಿವಾರ ಏನಾಗುತ್ತೆ?"

"ಮೇಡಂಗೆ ಇಷ್ಟ ಆದ್ರೆ ಲ್ಯಾಬಿಗೆ ಸೇರಿಸ್ಕೋತಾರೆ. ಇಲ್ದಿದ್ರೆ ಬ್ಯಾಂಕು. ಜಗಳ ಮಾಡಲ್ಲ."

"ಮಾತು ಕೊಡ್ತೀಯ?"

ಕೊಟ್ಟೆ. ನನ್ನ ಹತ್ರ ಐದು ಹೆಂಗಸರ ಅಂಕಿ ಇತ್ತಲ್ಲ.

ಆ ಶನಿವಾರಕ್ಕೆ ಒಂದು ವಾರ ಮುಂಚೆ ನಕ್ಷೆ ಮಾಡೋಕೆ ಕೂತಾಗ ಆಂಟಿಯ ಫ್ಲಾಪಿ ಓದ್ಲೇ ಇಲ್ಲ. ಮಳೆಗಾಲದಲ್ಲಿ ಫ್ಲಾಪಿಗೆ ಬೂಷ್ಟು ಹಿಡಿಯುತ್ತೆ. ಸರಿ, ಮತ್ತೊಂದು ಸಲ ಮಾಡೋಣ ಅಂತ ಭಾನುವಾರ ಕರ್ಕೊಂಡು ಹೋದೆ. ದಾರಿಯಲ್ಲೇ ಅವರು ಹೇಳಿದ್ರು, "ಇವತ್ತು ನಲ್ಲೀಲಿ ನೀರು ಬಂದಿಲ್ಲ ಕಣೆ, ತಲೆ ಸ್ನಾನ ಮಾಡಿಲ್ಲ. ಮೊನ್ನೆ ಶುಕ್ರವಾರ ಮಾಡಿದ್ದೆ. ನೆಗಡಿ ಅಂತ ಎಣ್ಣೆಯಂತೂ ಹಚ್ಚಿಲ್ಲ, ಸಾಕಲ್ವಾ?"

ಎಣ್ಣೆ ಇಲ್ದಿದ್ರೆ ಸಾಕು ಅಂದೆ.

ಬಿಲ್ಲೆ ಅಂಟಿಸಿದೆ, ಅಂಕಿ ತಗೊಂಡೆ, ಲೆಕ್ಕ ಹಾಕಿದೆ. ಹಿಂದಿನ ಎರಡು ಗೆರೆಯ ಸಂಬಂಧ ಗಂಡಸರ ಹಾಗೇ ಬಂತು. ಇವತ್ತು ಏನೋ ಸರಿ ಹೋಗಿಲ್ಲ ಅಂತ ಬಿಲ್ಲೆ ಕಿತ್ತು ಮತ್ತೆ ಅಂಟಿಸಿದೆ. ಅದೇ. ಮೂರನೇ ಸಲ. ಅದೇ. ಆಂಟಿ ಕಣ್ಣು ಮುಚ್ಚಿಕೊಂಡೇ, "ಹೋದ ಸಲ ಇಷ್ಟು ಹೊತ್ತು ಆಗಿರಲಿಲ್ಲಪ್ಪ, ನನ್ನ ತಲೆ ಕೆಟ್ಟಿದೆಯಾ?" ಅಂದ್ರು.

"ಇಲ್ಲ ಆಂಟಿ. ಹೋದ ಸಲಕ್ಕೂ ಈ ಸಲಕ್ಕೂ ಏನು ವ್ಯತ್ಯಾಸ ಅಂತ ನೋಡ್ತಿದೀನಿ."

"ಹೋದ ಸಲ ತಲೆ ಒದ್ದೆ ಇತ್ತು. ಆ ನಿನ್ನ ಫ್ಯಾನೂ ಇಲ್ಲದ ಕೋಣೇಲಿ ಒದ್ದೆ ಗಂಟಿನ ಮೇಲೆ ಮಲಗಿ ಮಲಗಿ ನನಗೆ ಎರಡು ದಿನ ಕತ್ತು ನೋವಿತ್ತು."

ಒದ್ದೆ ಗಂಟು. ಸರಿಯಾಗಿ ಎಲ್ಲಿ? ಹಿಂದಿನ ಎರಡು ಬಿಲ್ಲೆ ಕೆಳಗೆ, ಎರಡಕ್ಕೂ ತಾಗಿಕೊಂಡು. ಕರ್ಚೀಫ್ ಒದ್ದೆ ಮಾಡ್ಕೊಂಡು ಬಂದೆ. "ಆಂಟಿ, ಒಂದೇ ನಿಮಿಷ" ಅಂತ ಆ ಎರಡು ಬಿಲ್ಲೆ ನಡುವಿನ ಕೂದಲನ್ನ ಒರೆಸಿದೆ.

"ಅಯ್ಯೋ ನೆಗಡಿ ಅಂತ ಬಡ್ಕೋತಿದೀನಲ್ಲೇ! ನಿನ್ನ ಕಂಪ್ಯೂಟರಿಗೆ ನೀರು ಹಾಕು ಹೋಗು!"

ಲೆಕ್ಕ ಹಾಕಿದೆ. ಒಂದು.

ಅವತ್ತು ಮೊದಲ ಸಲ ಡಾಕ್ಟ್ರ ಮಾತು ಮೀರಿ ಪೆನ್ನುಗಳನ್ನ ಇಳಿಸಿ ಪೇಪರ್ ಓಡಿಸಿದೆ. ಹಿಂದಿನ ಎರಡು ಪೆನ್ನು ಒಂದನ್ನೊಂದು ಅಣಕಿಸೋ ಹಾಗೆ ಒಂದೇ ಗೆರೆ ಬರೀತಿದ್ವು. ಒಂದು ಏರಿಳಿತಾನೂ ಬೇರೆ ಇಲ್ಲ. ಉಪ್ಪಿನ ಪೇಸ್ಟ್ ಒದ್ದೆ ಕೂದಲಲ್ಲಿ ಹರಿದು ಎಡ ಬಿಲ್ಲೆಯನ್ನೂ ಬಲ ಬಿಲ್ಲೆಯನ್ನೂ ಒಂದೇ ಮಾಡಿಬಿಟ್ಟಿತ್ತು. ಗಂಡಸರ ಗಿಡ್ಡ ಕೂದಲು ಅಲ್ಲಿಗೆ ಬರೋ ಹೊತ್ತಿಗೇ ಒಣಗಿರ್ತಿತ್ತು. ಹೆಂಗಸರ ಮಿದುಳಲ್ಲಿ ನಾನು ಕಂಡುಹಿಡಿದಿದ್ದು ತಲೆ ಸ್ನಾನ.

ಸೋಮವಾರ ಕಾಕಾ ಬಂದ ಕೂಡಲೇ ಆ ಪೇಪರ್ ಅವರ ಕೈಗೆ ಕೊಟ್ಟೆ. ಇದೇನು ನೋಡಿ ಅಂದೆ ಅಷ್ಟೇ. ಅವರು ತೋಳು ಚಾಚಿ ದೂರ ಹಿಡಿದ್ರು. ಒಂದು ಉಸಿರು ಎಳೆಯೋಷ್ಟು ಹೊತ್ತು.

"ಇದು ಮಿದುಳಲ್ಲ ಬಿಡವಾ. ನೀರ. ಯಾರ ತಲಿ ಹಸಿ ಇತ್ತು?"

"ಎಲ್ಲರದೂ, ಕಾಕಾ."

ನಗ್ತಾರೆ ಅಂದ್ಕೊಂಡಿದ್ದೆ. ನಗಲಿಲ್ಲ. ಪೇಪರನ್ನ ನೀಟಾಗಿ ಮಡಿಸಿ ಕೊಟ್ರು. "ನಾ ಏನ ಡಾಕ್ಟ್ರಿಗೆ ಹೇಳಂಗಿಲ್ಲ. ನಿಂದು, ನೀನ ಹೇಳು. ಅಥವಾ ಹೇಳಬ್ಯಾಡ. ಮೇಡಂ ಏನ ಪೇಪರ್ ಕೇಳ್ತಾಳೋ, ಅಂಕಿ ಕೇಳ್ತಾಳೋ."

ಅಂಕಿ ಮಾತ್ರ ಕೇಳಿದ್ರೆ? ಅದೇ ಯೋಚನೆ ಆ ವಾರ ಪೂರ್ತಿ. ನಿಜ ಹೇಳ್ತೀನಿ, ಹೇಳಬೇಕು ಅಂತ ಮೊದಲ ದಿನವೇ ಅನ್ನಿಸಲಿಲ್ಲ. ಬಸ್ಸಲ್ಲಿ ಹೋಗ್ತಾ ಹೇಳ್ಬೇಕು ಅನ್ನಿಸ್ತಿತ್ತು, ಬರ್ತಾ ಬೇಡ ಅನ್ನಿಸ್ತಿತ್ತು. ನಾಲ್ಕೇ ದಿನದಲ್ಲಿ ಐದೂ ಜನರನ್ನ ಒಣ ಕೂದಲಲ್ಲಿ ಮತ್ತೆ ಕರೆಸೋಣ ಅಂತ ಅಮ್ಮನ್ನ ಕೇಳಿದೆ. "ವಾರದ ದಿನ ಯಾರು ಬರ್ತಾರೆ ಅಂಧೇರಿಗೆ, ಮನೇಲಿ ಗಂಡ ಮಕ್ಕಳಿಗೆ ಡಬ್ಬಿ ನಿನ್ನ ಕಂಪ್ಯೂಟರ್ ಕಟ್ಟುತ್ತಾ?" ಅಂದ್ರು. ಹೆಂಗಸರಲ್ಲಿ ನಿಜವಾಗ್ಲೂ ಸ್ವಲ್ಪ ಹೆಚ್ಚೇ ಇರಬಹುದು, ನೀರು ಅದನ್ನ ಇನ್ನಷ್ಟು ಹೆಚ್ಚು ಮಾಡಿರಬಹುದು ಅಂತೆಲ್ಲ ನನಗೆ ನಾನೇ ವಾದ ಮಾಡಿದೆ. ಕರ್ಚೀಫು ಒರೆಸಿದ ಆ ಒಂದು ನಿಮಿಷ ಪ್ರತಿ ಸಲವೂ ಗೆಲ್ತಿತ್ತು.

ಶುಕ್ರವಾರ ಸಾಯಂಕಾಲ ಡಾಕ್ಟ್ರಿಗೆ ಹೇಳಿದೆ. ಅವರು ಪೇಷಂಟ್ ಫೈಲ್ ಮುಚ್ಚಿ ಕನ್ನಡಕ ತೆಗೆದ್ರು.

"ನಾನು ಅವರಿಗೆ ಫೋನಲ್ಲಿ ಹೇಳಿದ್ದೇ ಹೆಂಗಸರ ವಿಷಯ. ಬರ್ತಿರೋದೇ ಅದಕ್ಕೆ."

"ಹೌದು ಸರ್."

"ನಾಳೆ ಗಂಡಸರದ್ದು ತೋರ್ಸು. ಹೆಂಗಸರದು ಇನ್ನೂ ನಡೀತಿದೆ ಅನ್ನು. ಸುಳ್ಳಲ್ವಲ್ಲ ಅದು?"

ಸುಳ್ಳಲ್ಲ. ಅದೇ ತೊಂದರೆ. ಅವತ್ತು ಬಸ್ಸಲ್ಲಿ ಸೀಟ್ ಸಿಕ್ಕಿದ್ರೂ ಕೂರಲಿಲ್ಲ.

ಶನಿವಾರ ಮೇಡಂ ಬಂದ್ರು. ಐವತ್ತರ ಹತ್ತಿರ, ಕಾಟನ್ ಸೀರೆ, ತಲೆ ಹಿಂದೆ ದೊಡ್ಡ ತುರುಬು. ಇಂಗ್ಲಿಷಲ್ಲೇ ಮಾತು. ಚಹಾ ಬೇಡ ಅಂದ್ರು, ನೇರ ಕಂಪ್ಯೂಟರ್ ಮುಂದೆ ಕೂತ್ರು. ಗಂಡಸರ ನಕ್ಷೆಗಳನ್ನ ಒಂದೊಂದಾಗಿ ಮುಂದಿಟ್ಟೆ. ಚೆನ್ನಾಗಿ ನೋಡಿದ್ರು. ಪ್ರೋಗ್ರಾಂ ಎಲ್ಲಿ ಕಲಿತೆ ಅಂದ್ರು. ಸಂಬಳದ ಪಟ್ಟಿ ಕ್ಲಾಸಲ್ಲಿ ಅಂದೆ. ನಕ್ಕರು. ಆ ನಗು ನೋಡಿ, ಆಯ್ತು, ಸಿಕ್ಕಿತು ಅನ್ನಿಸಿಬಿಡ್ತು ನನಗೆ.

"ಹೆಂಗಸರದು?" ಅಂದ್ರು.

ಡಾಕ್ಟ್ರು ಬಾಯಿ ಹಾಕಿದ್ರು. "ಅದು ಇನ್ನೂ ನಡೀತಿದೆ."

"ನಡೀಲಿ. ಆಗಿರೋದು ನೋಡ್ತೀನಿ."

ಅವರು ನನ್ನ ಕಡೆ ತಿರುಗಿದ್ರು. ಡಾಕ್ಟ್ರು ಕಿಟಕಿ ಕಡೆ. ನನ್ನ ಬ್ಯಾಗಲ್ಲಿ ಎರಡೂ ಇತ್ತು, ಹೆಂಗಸರ ಆ ಚೆಂದದ ನಕ್ಷೆ, ಮತ್ತೆ ಮಡಿಸಿದ ಪೇಪರ್. ಕೈ ಮೊದಲು ಯಾವುದಕ್ಕೆ ಹೋಯ್ತು ಅಂತ ಹೇಳಲ್ಲ. ಆಚೆ ತೆಗೆದಿದ್ದು ಪೇಪರ್.

"ಮೇಡಂ, ಒಣ ಕೂದಲಲ್ಲಿ ಈ ಎರಡು ಗೆರೆ ಗಂಡಸರ ಹಾಗೇ ಬಂದಿತ್ತು. ಇದು ಒದ್ದೆ ಕರ್ಚೀಫಲ್ಲಿ ಒರೆಸಿದ ಮೇಲೆ. ಹೆಂಗಸರೆಲ್ಲ ಆವತ್ತೇ ತಲೆ ತೊಳ್ಕೊಂಡು ಬಂದಿದ್ರು. ನಾನೇ ಹಾಗೆ ಬರೋಕೆ ಹೇಳಿದ್ದೆ."

ಅವರು ಪೇಪರನ್ನ ದೂರ ಹಿಡಿದು ನೋಡಿದ್ರು, ಥೇಟ್ ಕಾಕಾ ಹಿಡಿದ ಹಾಗೆ. ತುಂಬ ಹೊತ್ತು. ನಡುವೆ ಅವರ ಎಡಗೈ ಹಿಂದಕ್ಕೆ ಹೋಗಿ ತಮ್ಮ ತುರುಬನ್ನ ಒಂದು ಸಲ ಮುಟ್ಟಿ ನೋಡ್ತು. ಆಮೇಲೆ ಪ್ರಶ್ನೆ ಮೇಲೆ ಪ್ರಶ್ನೆ. ಪೆನ್ನುಗಳನ್ನ ಯಾಕೆ ಎತ್ತಿಟ್ಟಿದ್ದೆ? ಪೇಸ್ಟ್ ಎಷ್ಟು ಹಚ್ತೀಯ? ಎಷ್ಟು ಹೊತ್ತಾದ ಮೇಲೆ ಹರಿಯುತ್ತೆ? ಗೊತ್ತಿದ್ದಕ್ಕೆ ಹೇಳಿದೆ, ಗೊತ್ತಿಲ್ದಿದ್ದಕ್ಕೆ ಗೊತ್ತಿಲ್ಲ ಅಂದೆ. ಕೊನೆಗೆ ಗಂಡಸರ ನಕ್ಷೆಗಳನ್ನ ತೋರಿಸಿ ಕೇಳಿದ್ರು, "ಇವರ ಗೆರೆಗಳನ್ನೆಲ್ಲ ಯಾವುದಕ್ಕೆ ಹೋಲಿಸಿ ತಗೊಂಡಿದೀಯ?"

"ಕಿವಿಗೆ. ಎಡಗಿವಿಯ ಬಿಲ್ಲೆಗೆ."

"ಎಂಟಕ್ಕೂ ಅದೇ ಕಿವಿ?"

"ಅದೇ ಕಿವಿ ಮೇಡಂ."

"ಹಾಗಾದ್ರೆ ಆ ಕಿವಿ ಹತ್ರ ಏನೇ ಅಲ್ಲಾಡಿದ್ರೂ ಎಂಟರಲ್ಲೂ ಬರುತ್ತೆ. ಎಂಟೂ ಸಂಬಂಧಿಕರ ಹಾಗೆ ಕಾಣ್ತಾರೆ."

ಅಂದ್ರೆ ಗಂಡಸರದೂ ಹೋಯ್ತು. ಒಂದೇ ಮಧ್ಯಾಹ್ನಕ್ಕೆ ಒಂದೂವರೆ ವರ್ಷ. ನಾನು ಅಳಲಿಲ್ಲ, ಯಾಕಂದ್ರೆ ತಲೇಲಿ ಆಗಲೇ ಓಡ್ತಿತ್ತು, ಹಾಗಾದ್ರೆ ಕಿವಿ ಬಿಟ್ಟು ಯಾವುದಕ್ಕೆ ಹೋಲಿಸೋದು? ಎಂಟರ ಸರಾಸರಿಗೆ? ಪಕ್ಕದ ಬಿಲ್ಲೆಗೆ? ಬಾಯಿಬಿಟ್ಟು ಕೇಳಿಯೂಬಿಟ್ಟೆ. ಎರಡಕ್ಕೂ ಬೇರೆ ಬೇರೆ ತೊಂದರೆ ಇದೆ ಅಂದ್ರು. ಯಾವ ತೊಂದರೆ ಅಂತ ಹೇಳಲಿಲ್ಲ.

ಕೆಲಸದ ಮಾತು ಬರಲೇ ಇಲ್ಲ. ಬ್ಯಾಗ್ ಹಾಕ್ಕೊಂಡು ಬಾಗಿಲ ತನಕ ಹೋಗಿ ನಿಂತರು. "ನಮ್ಮಲ್ಲೂ ತಲೆ ತೊಳ್ಕೊಂಡು ಬನ್ನಿ ಅಂತಲೇ ಹೇಳೋದು. ಆವತ್ತೇನಾ, ಹಿಂದಿನ ದಿನಾನಾ, ನಾನು ಕೇಳಿಲ್ಲ" ಅಂದ್ರು. "ಹಳೇ ಪೇಪರ್ ರೋಲ್ ಎಲ್ಲಾ ಇದೆ. ಸೋಮವಾರದಿಂದ ಬಂದು ಕೂತು ಹೆಂಗಸರ ರೋಲ್ ಒಂದೊಂದೂ ನೋಡ್ತೀಯ? ಕಣ್ಣಲ್ಲಿ. ಲೆಟರ್ ಕೊಡಕ್ಕಾಗಲ್ಲ. ಮುಂದೆ ಏನು ಅಂತ ನನಗೂ ಗೊತ್ತಿಲ್ಲ."

ಅವರು ಹೋದ ಮೇಲೆ ಡಾಕ್ಟ್ರು ಕಂಪ್ಯೂಟರ್ ಆರಿಸಿದ್ರು. ಆಮೇಲೆ, "ಅವರ ಡೇಟಾನೂ ಒದ್ದೆ ಆಗಿದ್ರೆ ನನಗೆ ಮೊದಲು ಫೋನ್ ಮಾಡು" ಅಂದ್ರು. ಸೋಮವಾರದಿಂದ ರಜೆ ಕೊಟ್ಟ ಹಾಗೆ ಅದು.

ಮನೇಲಿ ಅಪ್ಪ ಪೇಪರ್ ಓದ್ತಾ ಕೂತಿದ್ರು. ನಡೆದಿದ್ದೆಲ್ಲ ಹೇಳಿದೆ.

"ಅಂದ್ರೆ ಸೇರಿಸ್ಕೊಂಡ್ರಾ, ಇಲ್ವಾ?"

"ಸೇರಿಸ್ಕೊಂಡಿಲ್ಲ. ಬಾ ಅಂದಿದಾರೆ."

"ಸಂಬಳ?"

"ಇಲ್ಲ."

"ಆರ್ಡರ್?"

"ಇಲ್ಲ."

"ಮಾತು ಕೊಟ್ಟಿದ್ದೆ ನೀನು."

"ಇಷ್ಟ ಆಗದಿದ್ರೆ ಬ್ಯಾಂಕು ಅಂದಿದ್ದೆ ಅಪ್ಪ. ಇಷ್ಟ ಆಗಿಲ್ಲ ಅಂತ ಅವರು ಹೇಳಲೇ ಇಲ್ಲ."

ಅಪ್ಪ ನನ್ನನ್ನ ನೋಡಿದ ರೀತಿ ಆಫೀಸಲ್ಲಿ ತಪ್ಪು ಟಿಪ್ಪಣಿ ಬರೆದ ಕ್ಲರ್ಕನ್ನ ನೋಡೋ ಹಾಗಿತ್ತು. ಆದ್ರೆ ಎದ್ದು ಹೋಗಿ ಬಿಳಿ ಹಾಳೆ ತಂದ್ರು. ಸೇರೋ ದಿನಾನ ಹದಿನೈದು ದಿನ ಮುಂದಕ್ಕೆ ಹಾಕಿ ಅಂತ ಬ್ಯಾಂಕಿಗೆ ಒಂದು ಅರ್ಜಿ ಬರೆದ್ರು. ಎಂಥಾ ಇಂಗ್ಲಿಷು! ಓದಿದ್ರೆ ನಾನು ಯಾವುದೋ ದೇಶಸೇವೆಗೆ ಹೋಗ್ತಿದೀನಿ ಅನ್ನಿಸ್ಬೇಕು. ಬ್ಯಾಂಕಿನವರು ಒಪ್ಪಿದ್ರು.

ಹದಿನೈದು ದಿನ ಲೋಕಲ್ ಹಿಡಿದು ಸೌತ್ ಬಾಂಬೆಗೆ ಹೋದೆ. ಒಂದು ಸಣ್ಣ ಕೋಣೆ, ಉದ್ದ ಮೇಜು, ಕಪಾಟು ತುಂಬ ರೋಲ್. ಬಿಚ್ಚೋದು, ದೂರ ಹಿಡಿಯೋದು, ಹಿಂದಿನ ಎರಡು ಗೆರೆ ನೋಡೋದು. ಕೆಲವು ಹೆಂಗಸರದು ಸರಿ ಇತ್ತು. ಕೆಲವರದು ಎರಡೂ ಗೆರೆ ಒಂದೇ ಅಚ್ಚು. ಮೊದಲನೇದು ಸಿಕ್ಕ ದಿನ ಓಡಿ ಹೋಗಿ ಮೇಡಂಗೆ ಹೇಳಿದೆ. ಅವರು ಬಂದು ನೋಡಿ, ಪೆನ್ಸಿಲಲ್ಲಿ ಅಂಚಿಗೆ ಒಂದು ಗುರುತು ಹಾಕಿ, "ಮುಂದಿನದು" ಅಂದ್ರು ಅಷ್ಟೇ. ನನಗೆ ಓಡಬೇಕು, ಎಲ್ಲಾ ಒಂದೇ ದಿನ ಬಿಚ್ಚಬೇಕು ಅನ್ನಿಸ್ತಿತ್ತು. ಅವರು ದಿನಕ್ಕೆ ಆರಕ್ಕಿಂತ ಹೆಚ್ಚು ನೋಡೋಕೆ ಬಿಡ್ತಿರಲಿಲ್ಲ, ಕಣ್ಣು ಸುಳ್ಳು ಹೇಳೋಕೆ ಶುರು ಮಾಡುತ್ತೆ ಅಂತ.

ಹತ್ತನೇ ದಿನಕ್ಕೆ ಇನ್ನೂ ಅರ್ಧ ಕಪಾಟು ಉಳಿದಿತ್ತು. ಅಪ್ಪ ಎರಡನೇ ಅರ್ಜಿ ಬರೆದ್ರು. ಬ್ಯಾಂಕಿನವರು ಆಗಲ್ಲ ಅಂದ್ರು, ಸೋಮವಾರ ಬರದಿದ್ರೆ ಹೆಸರು ತೆಗೀತೀವಿ ಅಂತ.

"ಏನ್ ಮಾಡ್ತೀಯ?" ಅಂದ್ರು ಅಪ್ಪ.

"ರೋಲ್ ಇನ್ನೂ ಉಳಿದಿದೆ."

"ಬರಲ್ಲ ಅಂತ ಬರೆಯೋ ಕಾಗದ ಮಾತ್ರ ನಾನು ಬರೆಯಲ್ಲ. ಅದನ್ನ ನೀನೇ ಬರಿ."

ಬರೆದೆ. ಎರಡೇ ಸಾಲು. ಅವರು ಕನ್ನಡಕ ಹಾಕ್ಕೊಂಡು ಓದಿದ್ರು. "ವಿಷಾದದಿಂದ ತಿಳಿಸುತ್ತೇನೆ ಅಂತ ಎಲ್ಲಿದೆ?"

"ವಿಷಾದ ಇದೆಯೋ ಇಲ್ವೋ ನನಗೆ ಗೊತ್ತಿಲ್ಲ ಅಪ್ಪ."

"ಗೊತ್ತಿಲ್ದಿದ್ರೂ ಹಾಕ್ತಾರೆ. ಅದು ಪದ್ಧತಿ."

ಹಾಕಿದೆ. ಸೋಮವಾರ ಬೆಳಿಗ್ಗೆ ಸ್ಟೇಷನ್ ಹತ್ತಿರದ ಪೋಸ್ಟ್ ಡಬ್ಬಿಗೆ ಅದನ್ನ ಬಿಟ್ಟು, ಸೌತ್ ಬಾಂಬೆ ಕಡೆಯ ಲೋಕಲ್ ಹತ್ತಿದೆ. ಲ್ಯಾಬಿನಿಂದ ನನಗೆ ಅವತ್ತಿಗೂ ಒಂದು ಕಾಗದಾನೂ ಬಂದಿರಲಿಲ್ಲ.